ಒದ್ದೆ ಗೋಡೆಗೆ ಕಾಗದ ಅಂಟಿಸದ ಅಜ್ಜಿ

ಬೆಳಗಿನ ಐದು ಗಂಟೆ. ಬುಸಾನ್ ಬಂದರಿನ ರೈಲು ನಿಲ್ದಾಣದ ಎದುರಿನ ಗುಡ್ಡದಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಮೋ ಸುನ್‌ಡೊಕ್ ಅಜ್ಜಿ ಅಂಗಳದ ಗ್ಯಾಸ್ ಒಲೆಯ ಮೇಲೆ ದೊಡ್ಡ ಅಲ್ಯೂಮಿನಿಯಂ ಪಾತ್ರೆ ಇಟ್ಟು ಮೈದಾ ಅಂಟು ಕಾಯಿಸುತ್ತಿದ್ದಾರೆ. ಗಂಟು ಕಟ್ಟದಂತೆ ಸೌಟು ಒಂದೇ ದಿಕ್ಕಿಗೆ ತಿರುಗುತ್ತಿದೆ. ಅಂಗಡಿಯಲ್ಲಿ ಡಬ್ಬಿ ಅಂಟು ಸಿಗುತ್ತದೆ, ನೀರು ಬೆರೆಸಿದರೆ ಮುಗಿಯಿತು. ಅಜ್ಜಿಗೆ ಅದರ ಮೇಲೆ ನಂಬಿಕೆಯಿಲ್ಲ. "ಡಬ್ಬೀದು ಚೆನ್ನಾಗಿ ಹಿಡ್ಕೊಳುತ್ತೆ, ಇಲ್ಲ ಅನ್ನಲ್ಲ. ಆದ್ರೆ ಕೀಳೋ ದಿನ ಬಂದಾಗ ಗೋಡೆ ಚರ್ಮಾನೇ ಕಿತ್ಕೊಂಡ್ ಬರುತ್ತೆ. ಮುಂದೆ ಕೀಳೋರ್ ಯಾರು? ನಾನೇ ತಾನೇ?" ಎನ್ನುತ್ತಾರೆ.

ವಯಸ್ಸು ಎಪ್ಪತ್ತೊಂದು. ಎತ್ತರ ಬಾಗಿಲ ಚಿಲಕಕ್ಕಿಂತ ಸ್ವಲ್ಪ ಮೇಲೆ. ಒಂದು ಕೈಯಲ್ಲಿ ಅಂಟಿನ ಬಕೆಟ್, ಹೆಗಲ ಮೇಲೆ ಗೋಡೆ ಕಾಗದದ ಎರಡು ಸುರುಳಿ, ಸೊಂಟಕ್ಕೆ ಸಿಕ್ಕಿಸಿದ ಕೆರೆಯುವ ಕತ್ತಿ. ಇಷ್ಟು ಹೊತ್ತುಕೊಂಡು ನೂರಮೂವತ್ತು ಮೆಟ್ಟಿಲು ಹತ್ತಿ ಮೇಲಿನ ಕಟ್ಟಡಕ್ಕೆ ಬರುವಷ್ಟರಲ್ಲಿ, ಬರಿಗೈಯಲ್ಲಿ ಹಿಂಬಾಲಿಸಿದ ನಾನೇ ಏದುಸಿರು ಬಿಡುತ್ತಿದ್ದೇನೆ. ಇದೇ ಗುಡ್ಡದಲ್ಲಿ ಹದಿನಾಲ್ಕು ವರ್ಷದಿಂದ ಇರುವವನಿಗೆ ಇದು ನಾಚಿಕೆಯ ಮಾತು.

ಅಜ್ಜಿ ಏಳನೇ ನಂಬರ್ ಕೋಣೆಯ ಬಾಗಿಲು ತಟ್ಟುತ್ತಾರೆ. ಒಳಗಿರುವವರು ಗೂ ಪಾನ್‌ಸೊಕ್, ಎಪ್ಪತ್ತೆಂಟು ವರ್ಷ. ಹಡಗುಗಳಿಗೆ ಬಣ್ಣ ಬಳಿದು ಬಳಿದು ಶ್ವಾಸಕೋಶ ಕಳೆದುಕೊಂಡ ಮನುಷ್ಯ.

"ಎದ್ದಿದೀರಾ ಅಣ್ಣ?"

"ಸತ್ತಿಲ್ಲ. ಅಂದ್ರೆ ಎದ್ದಿದೀನಿ ಅಂತ್ಲೇ ಲೆಕ್ಕ."

"ಹಾಗಾದ್ರೆ ಹಾಸ್ಗೆ ಸುತ್ತಿ ಹೊರಗ್ ಬನ್ನಿ. ಗೋಡೆ ನೋಡ್ಬೇಕು."

"ಬೆಳಗಾಗೋಕ್ ಮುಂಚೆ ಗಂಡಸಿನ್ ಕೋಣೆಗ್ ನುಗ್ತೀಯಲ್ಲ ಅಂಟಮ್ಮ, ಜನ ಏನಂದಾರು?"

"ಅನ್ನೋಕಾದ್ರೂ ಜನಕ್ಕೆ ಒಂದ್ ಕೆಲ್ಸ ಸಿಗ್ಲಿ ಬಿಡಿ."

ಕೋಣೆ ಮೂರು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲ. ಪಾನ್‌ಸೊಕ್ ಕಂಬಳಿ ಹೊದ್ದು ಹೊರಗಿನ ಮೆಟ್ಟಿಲ ಮೇಲೆ ಕೂರುತ್ತಾರೆ. ಅಜ್ಜಿ ದೀಪ ಹಾಕುವುದಿಲ್ಲ. ಅಂಗೈ ಮಗುಚಿ, ಬೆರಳುಗಳ ಹಿಂಬದಿಯನ್ನು ಗೋಡೆಗೆ ಒತ್ತಿ, ಜ್ವರದ ಮಗುವಿನ ಹಣೆ ಮುಟ್ಟುವವರ ಹಾಗೆ ಉದ್ದಕ್ಕೂ ಸರಿಯುತ್ತಾರೆ. ಅವರ ಮೂಗು ಸತ್ತು ಮೂವತ್ತು ವರ್ಷವಾಯಿತು. ಬೂಷ್ಟಿನ ವಾಸನೆ ಅವರಿಗೆ ಬಡಿಯುವುದಿಲ್ಲ, ಕೈಗೆ ಗೊತ್ತಾಗಬೇಕು. ಹಿಂದಿನ ಮೂಲೆಯಲ್ಲಿ ಕೈ ನಿಲ್ಲುತ್ತದೆ. "ಇಲ್ಲಿ ಅಳ್ತಾ ಇದೆ," ಎನ್ನುತ್ತಾರೆ.

ಆಮೇಲೆ ಕೀಳುವ ಕೆಲಸ. ಸುನ್‌ಡೊಕ್ ಅಜ್ಜಿಯದು ಒಂದೇ ನಿಯಮ. ಹಳೆಯ ಕಾಗದ ಪೂರ್ತಿ ಕಿತ್ತು, ಬರಿಗೋಡೆ ನೋಡಿ, ಅದು ಒಣಗಿದ್ದರೆ ಮಾತ್ರ ಹೊಸದು ಅಂಟಿಸುವುದು. ಈ ಗುಡ್ಡದಲ್ಲಿ ಉಳಿದವರೆಲ್ಲ ಹಳೆಯದರ ಮೇಲೆಯೇ ಹೊಸದನ್ನು ಬಡಿದು ಹೋಗುತ್ತಾರೆ. ಅದಕ್ಕೆ ಅರ್ಧ ಗಂಟೆ ಸಾಕು, ಕೂಲಿ ಮಾತ್ರ ಅಜ್ಜಿಯಷ್ಟೇ. ಅಜ್ಜಿಗೆ ಒಂದು ಕೋಣೆಗೆ ಒಂದೂವರೆ ದಿನ ಹಿಡಿಯುತ್ತದೆ. ಕೋಣೆಯೊಂದಕ್ಕೆ ಅರವತ್ತು ಸಾವಿರ ವೊನ್. ತಿಂಗಳಿಗೆ ಹೆಚ್ಚೆಂದರೆ ಏಳು ಕೋಣೆ.

ಏಳನೇ ನಂಬರಿನಲ್ಲಿ ನಾಲ್ಕು ಪದರ ಬರುತ್ತದೆ. ಮೊದಲು ಬೂದುಬಣ್ಣದ ಪಟ್ಟೆ, ಅದರಡಿ ಗುಲಾಬಿ ಹೂ, ಅದರಡಿ ಬಿದಿರೆಲೆ, ಕೊನೆಗೆ ಅಡಿಯ ಹಾಸಾಗಿ ಹಚ್ಚಿದ ಹಳೆಯ ಸುದ್ದಿಪತ್ರಿಕೆ. ನಾಲ್ಕನ್ನೂ ನೀರು ಒಂದೇ ಹಲಗೆಯಾಗಿ ಕೂಡಿಸಿದೆ. ಅದು ಕಳಚಿ ಬಿದ್ದಾಗ ಹಿಂದಿನ ಗೋಡೆ ಬಾಣಲೆಯ ತಳದಷ್ಟು ಕಪ್ಪಗಿದೆ. ಮುಟ್ಟಿದರೆ ಬೆರಳಿಗೆ ನೀರು. ಮೇಲಿನ ಕೊಳಾಯಿ ಎಲ್ಲೋ ಒಡೆದಿದೆ, ಇಂದು ನಿನ್ನೆಯಲ್ಲ. ಮೆಟ್ಟಿಲ ಮೇಲೆ ಕೂತ ಮುದುಕ ಕೆಮ್ಮುತ್ತಲೇ ಇಣುಕಿ ನೋಡಿ, "ಆರು ವರ್ಷ ಇದನ್ನೇ ಉಸಿರಾಡಿದ್ನಾ ನಾನು?" ಎಂದು ಕೇಳುತ್ತಾರೆ. ಅಜ್ಜಿ ಬಿದ್ದ ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡುತ್ತಾರೆ.

ಇಷ್ಟು ದಿನ ಇಲ್ಲದ ಹೊಸ ಕಾಗದ ಈಗೇಕೆ ಬಂತು? ಆ ಕಥೆ ಹೇಳಲು ಕುಳಿತರೆ ನನ್ನ ರಕ್ತ ಕುದಿಯುತ್ತದೆ, ಆದರೂ ಹೇಳುತ್ತೇನೆ.

ಈ ಗುಡ್ಡದ ಕೋಣೆಗಳಲ್ಲಿ ಇರುವವರು ಹೆಚ್ಚಿನಂಶ ಅರವತ್ತೈದು ದಾಟಿದ ಒಂಟಿ ಜೀವಗಳು. ಬಾಡಿಗೆ ಕಟ್ಟಲೆಂದು ಸರ್ಕಾರ ಪ್ರತಿ ತಿಂಗಳ ಇಪ್ಪತ್ತಕ್ಕೆ ಅವರ ಖಾತೆಗೆ ನೆರವು ಹಾಕುತ್ತದೆ. ಇಪ್ಪತ್ತೊಂದಕ್ಕೆ ಅದು ಮಾಲೀಕರ ಖಾತೆಯಲ್ಲಿರುತ್ತದೆ. ಮುದುಕರ ಪಾಸ್‌ಬುಕ್ಕು ಆ ಹಣಕ್ಕೆ ಒಂದು ರಾತ್ರಿ ತಂಗುವ ಛತ್ರ, ಅಷ್ಟೇ. ಈ ಜನವರಿಯಲ್ಲಿ ನೆರವು ಹನ್ನೆರಡು ಸಾವಿರ ವೊನ್ ಏರಿತು. ಹೊಸ ವರ್ಷದ ಅಕ್ಕಿಕಡುಬಿನ ಸಾರು ಕುಡಿದ ಬಟ್ಟಲು ತೊಳೆದಿಡುವ ಮೊದಲೇ ಬಾಗಿಲು ಬಾಗಿಲಿಗೂ ಚೀಟಿ ಬಿತ್ತು: ಬಾಡಿಗೆ ಹನ್ನೆರಡು ಸಾವಿರ ಹೆಚ್ಚಾಗಿದೆ. ಹತ್ತಲ್ಲ, ಹದಿನೈದಲ್ಲ, ಅಳೆದು ತೂಗಿ ಹನ್ನೆರಡು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿನ ಪೂಜಾರಿ ಕೊಡದಿರುವುದಷ್ಟೇ ಅಲ್ಲ, ತಟ್ಟೆಯನ್ನೇ ಎತ್ತಿಕೊಂಡು ಹೋಗುತ್ತಾನೆ.

ಹನ್ನೆರಡು ಸಾವಿರ ಯಾವ ಮಹಾ ಮೊತ್ತ ಎಂದು ಕೇಳುವವರು ಇದ್ದಾರೆ. ಕೆಳಗಿನ ಪೇಟೆಯಲ್ಲಿ ಹಂದಿಮಾಂಸದ ಬಿಸಿ ಸಾರನ್ನ ಒಂದು ಬಟ್ಟಲು, ಮೇಲೆ ಒಂದಿಷ್ಟು ಚಿಲ್ಲರೆ. ಪಾನ್‌ಸೊಕ್ ತಿಂಗಳಿಗೆ ಒಂದೇ ಸಲ ಅದನ್ನು ತಿನ್ನುತ್ತಾರೆ, ನೆರವು ಏರಿದ್ದರಿಂದ ಈ ವರ್ಷ ಎರಡು ಸಲ ತಿನ್ನಬಹುದು ಅಂದುಕೊಂಡಿದ್ದರು. ಅಷ್ಟೇ ಅವರ ದುರಾಸೆ.

ಬಾಡಿಗೆ ಏರಿಸಿದರೆ ಹೊಸ ಕರಾರುಪತ್ರ ಬೇಕು. ಹೊಸ ಕರಾರುಪತ್ರವಾದರೆ ಕೋಣೆ ನೋಡಲು ನೆರವಿನ ಕಚೇರಿಯಿಂದ ತಪಾಸಣೆಯವರು ಬರುತ್ತಾರೆ. ಅವರು ಬರುವ ಹಿಂದಿನ ದಿನ ಗೋಡೆಗಳಿಗೆ ಹೊಸ ಬಟ್ಟೆ ತೊಡಿಸಬೇಕು. ಅದಕ್ಕೇ ಸುನ್‌ಡೊಕ್ ಅಜ್ಜಿಗೆ ಒಂದೇ ದಿನದಲ್ಲಿ ಆರು ಕೋಣೆಯ ಕೆಲಸ ಕೊಟ್ಟಿರುವುದು.

ಏಳು ಗಂಟೆಗೆ ಮ್ಯಾನೇಜರ್ ಯೊಮ್ ಬರುತ್ತಾನೆ. ಈ ಕಟ್ಟಡವೂ, ಅಜ್ಜಿ ಇರುವ ಕೆಳಗಿನ ಕಟ್ಟಡವೂ, ಇನ್ನೊಂದೂ ಸೇರಿ ನಲವತ್ತೊಂದು ಕೋಣೆಗಳ ಮಾಲೀಕರು ಸಮುದ್ರ ಕಾಣುವ ಗೋಪುರದ ಮನೆಯಲ್ಲಿದ್ದಾರಂತೆ. ಅವರನ್ನು ನೋಡಿದವರು ಇಲ್ಲಿ ಯಾರೂ ಇಲ್ಲ. ನಮಗೆ ಕಾಣುವುದು ಅವರ ಸೋದರಳಿಯ ಈ ಯೊಮ್. ಬರಿಗೋಡೆ ನೋಡಿ ಅವನ ಮುಖ ಹುಳ್ಳಗಾಗುತ್ತದೆ.

"ಅಜ್ಜಿ, ಕೀಳು ಅಂತ ಯಾರ್ ಹೇಳಿದ್ದು? ಮೇಲೆ ಅಂಟ್ಸಿ ಅಂದಿದ್ದೆ."

"ಮ್ಯಾನೇಜರಪ್ಪ, ಹುಣ್ಣಿನ್ ಮೇಲೆ ರೇಷ್ಮೆ ಸುತ್ತಿದ್ರೆ ವಾಸಿಯಾಗುತ್ತಾ? ಕೊಳಾಯಿ ಒಡೆದಿದೆ. ರಿಪೇರಿ ಮಾಡ್ಸು. ಹತ್ತು ದಿನ ಒಣಗ್ಲಿ. ಆಮೇಲ್ ಬಂದು ಅಂಟಿಸ್ಕೊಡ್ತೀನಿ."

"ನಾಳೆ ತಪಾಸಣೆ. ಹತ್ತ್ ದಿನ ಎಲ್ಲಿಂದ ತರ್ಲಿ?"

"ಆರ್ ವರ್ಷ ಎಲ್ಲಿಟ್ಟಿದ್ದೆ?"

ಯೊಮ್ ಧ್ವನಿ ತಗ್ಗಿಸುತ್ತಾನೆ. "ಅಜ್ಜಿ, ನೀವೂ ನಮ್ಮ ಕಟ್ಟಡದಲ್ಲೇ ಇರೋರು. ಸ್ವಲ್ಪ ನೋಡ್ಕೊಂಡ್ ಮಾತಾಡಿ."

ಅಜ್ಜಿ ಬಕೆಟ್‌ಗೆ ಮುಚ್ಚಳ ಹಾಕುತ್ತಾರೆ. ಉತ್ತರ ಯೊಮ್‌ಗೆ ಕೊಡುವುದಿಲ್ಲ, ಮೆಟ್ಟಿಲ ಮೇಲಿನ ಪಾನ್‌ಸೊಕ್ ಕಡೆ ತಿರುಗುತ್ತಾರೆ. "ಅಣ್ಣ, ಮಲಗೋರು ನೀವು. ನೀವ್ ಹೇಳಿ. ಮುಚ್ಚಲಾ, ಬಿಡ್ಲಾ?"

ಪಾನ್‌ಸೊಕ್ ಬಹಳ ಹೊತ್ತು ಕೆಮ್ಮಿ ಹೇಳುತ್ತಾರೆ: "ಬಿಡು. ಬರೋರು ನೋಡ್ಲಿ."

ಉಳಿದ ಐದು ಕೋಣೆಗಳಿಗೆ ಯೊಮ್ ಬೇರೆಯವರನ್ನು ಕರೆಸುತ್ತಾನೆ. ಸಂಜೆಯೊಳಗೆ ಐದೂ ಮದುವಣಗಿತ್ತಿಯರ ಹಾಗೆ ಸಿಂಗಾರಗೊಳ್ಳುತ್ತವೆ. ಆ ಹೊಸ ಕಾಗದದ ಹಿಂದೆ ಏನಿದೆ ಎಂದು ಗುಡ್ಡಕ್ಕೆಲ್ಲ ಗೊತ್ತು.

ಸುನ್‌ಡೊಕ್ ಅಜ್ಜಿ ಒಳನಾಡಿನ ಬೆಳ್ಳುಳ್ಳಿ ಬೆಳೆಯುವ ಊರಿನವರು. ಹದಿನೇಳಕ್ಕೆ ಈ ಬಂದರಿಗೆ ಬಂದು ಬೂಟಿನ ಕಾರ್ಖಾನೆ ಸೇರಿದರು. ಇಪ್ಪತ್ತೆರಡು ವರ್ಷ ಅಟ್ಟೆಗೆ ಅಂಟು ಹಚ್ಚಿದರು, ದಿನಕ್ಕೆ ಒಂಬೈನೂರು ಜೊತೆ. ಆ ಅಂಟಿನ ಹಬೆಯೇ ಮೂಗನ್ನು ತಿಂದದ್ದು. "ದೂರದ ದೇಶದ ಆಟಗಾರರು ನಾವ್ ಅಂಟ್ಸಿದ್ ಬೂಟ್ ಹಾಕ್ಕೊಂಡು ಪದಕ ಗೆಲ್ತಿದ್ರು. ಟೀವೀಲಿ ನೋಡಿ ನಾವ್ ಚಪ್ಪಾಳೆ ತಟ್ತಿದ್ವಿ. ಮೂಗಿಗ್ ಗೊತ್ತಾಗ್ದೆ, ಕಿಮ್ಚಿ ಉಪ್ಪಿನಕಾಯಿ ಹುಳಿ ಬಂದಿದ್ಯೋ ಇಲ್ವೋ ಅಂತ ಪಕ್ಕದ್ಮನೆಯವ್ರನ್ನ ಕೇಳ್ತಿದ್ವಿ," ಎಂದು ನಗುತ್ತಾರೆ. ಕಾರ್ಖಾನೆ ಕೂಲಿ ಅಗ್ಗವಿರುವ ಬೇರೆ ದೇಶ ಹುಡುಕಿಕೊಂಡು ಹೋಯಿತು. ಗಂಡ ಮೀನುಹಡಗಿನಲ್ಲಿ ಹೋದವರು ತಿರುಗಿ ಬರಲಿಲ್ಲ. ನಲವತ್ತರ ಹೊಸ್ತಿಲಲ್ಲಿ ಅಜ್ಜಿ ಪೇಟೆಯ ಹೆಂಗಸೊಬ್ಬಳ ಹಿಂದೆ ಬಕೆಟ್ ಹೊತ್ತು ಗೋಡೆ ಕಾಗದದ ಕೆಲಸ ಕಲಿತರು. ಕೀಳದೆ ಅಂಟಿಸಬಾರದು ಎಂಬ ನಿಯಮ ಆ ಗುರುವಿನದು.

ಅಜ್ಜಿಯೂ ಬಾಡಿಗೆ ನೆರವು ಪಡೆಯುವವರೇ. ಕೂಲಿ ಸಿಕ್ಕ ದಿನವೆಲ್ಲ ಕಚೇರಿಗೆ ಹೋಗಿ ಹೇಳಿಬರುತ್ತಾರೆ, ಹೇಳಿದಷ್ಟೂ ನೆರವು ಕಡಿಮೆಯಾಗುತ್ತದೆ. ಮುಚ್ಚಿಟ್ಟರೆ ಕೇಳುವವರಿಲ್ಲ ಎಂದು ನಾನೇ ಒಮ್ಮೆ ಹೇಳಿದ್ದೆ. "ಗೋಡೇಲಿ ಮುಚ್ಚಿಡಬೇಡಿ ಅಂತ ಊರಿಗೆಲ್ಲ ಹೇಳ್ತೀನಿ. ನಾನು ಬಾಯಲ್ಲಿ ಮುಚ್ಚಿಡ್ಲಾ?" ಎಂದು ನನ್ನನ್ನು ಗದರಿದರು.

ಮಾರನೆಯ ದಿನ ತಪಾಸಣೆಯವನು ಬರುತ್ತಾನೆ. ಒಳ್ಳೆಯ ಹುಡುಗ, ಬೂಟು ಬಿಚ್ಚಿ ಒಳಗೆ ಕಾಲಿಡುತ್ತಾನೆ, ಮುದುಕರಿಗೆ ಬಾಗಿ ನಮಸ್ಕರಿಸುತ್ತಾನೆ. ಐದು ಸಿಂಗಾರದ ಕೋಣೆಗಳಲ್ಲಿ ಐದೈದು ನಿಮಿಷ. ಏಳನೇ ನಂಬರಿನಲ್ಲಿ ಮೂಗು ಮುಚ್ಚಿಕೊಳ್ಳುತ್ತಾನೆ. ಫೋಟೋ ತೆಗೆಯುತ್ತಾನೆ, ಟ್ಯಾಬ್‌ನಲ್ಲಿ ಏನೋ ಒತ್ತುತ್ತಾನೆ. ಅಜ್ಜಿ ಪಕ್ಕದಲ್ಲಿ ನಿಂತು ಕೊಳಾಯಿ ಎಲ್ಲಿ ಒಡೆದಿರಬಹುದೆಂದು ಬೆರಳು ತೋರಿಸುತ್ತಾರೆ. ಇನ್ನು ಮಾಲೀಕರಿಗೆ ಛೀಮಾರಿ ಬೀಳುತ್ತದೆ, ರಿಪೇರಿ ಆಗುತ್ತದೆ ಎಂದು ಅವರ ಎಣಿಕೆ. ನನ್ನದೂ ಅದೇ ಎಣಿಕೆ.

ಒಂಬತ್ತು ದಿನದ ಮೇಲೆ ಕಚೇರಿಯಿಂದ ಪತ್ರ ಬರುತ್ತದೆ. ಮಾಲೀಕರಿಗಲ್ಲ, ಪಾನ್‌ಸೊಕ್‌ಗೆ. ಏಳನೇ ನಂಬರ್ ವಾಸಕ್ಕೆ ತಕ್ಕದ್ದಲ್ಲವೆಂದು ಕಂಡುಬಂದಿರುವುದರಿಂದ ಆ ಕೋಣೆಗೆ ಕೊಡುವ ಬಾಡಿಗೆ ನೆರವನ್ನು ತಡೆಹಿಡಿಯಲಾಗಿದೆ. ಆಕ್ಷೇಪಣೆ ಇದ್ದರೆ ತಿಳಿಸುವುದು.

ನಾನು ಆ ಪತ್ರವನ್ನು ಎರಡೆರಡು ಸಲ ಓದಿದೆ. ಗೋಡೆ ಮಾಲೀಕರದು, ಕೊಳಾಯಿ ಮಾಲೀಕರದು, ಕೆಮ್ಮು ಬಾಡಿಗೆದಾರನದು. ಶಿಕ್ಷೆ ಯಾರಿಗೆ? ಕೆಮ್ಮುವವನಿಗೆ. ಬೂಷ್ಟು ಮುಚ್ಚಿಟ್ಟ ಐದು ಕೋಣೆಗಳಿಗೆ ಹೆಚ್ಚಿದ ನೆರವು ಮಂಜೂರಾಗಿದೆ. ತೆರೆದು ತೋರಿಸಿದ ಒಂದಕ್ಕೆ ಇದ್ದದ್ದೂ ಹೋಗಿದೆ. ಇಂಥ ನಿಯಮ ಬರೆದವರು ಒಂದು ರಾತ್ರಿಯಾದರೂ ಮೂರು ಹೆಜ್ಜೆಯ ಕೋಣೆಯಲ್ಲಿ ಮಲಗಿರಲಿಕ್ಕಿಲ್ಲ. ಅವರನ್ನು ಮಲಗಿಸಿ ಹೊರಗಿನಿಂದ ಚಿಲಕ ಹಾಕಬೇಕೆಂದು ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಸುನ್‌ಡೊಕ್ ಅಜ್ಜಿ ಆ ದಿನ ಊಟ ಮಾಡಲಿಲ್ಲ. "ನನ್ನ್ ಕೈಯಾರೆ ಆ ಮನುಷ್ಯನ್ ಬಾಡಿಗೆ ಕಿತ್ಹಾಕಿದೆ," ಎಂದಷ್ಟೇ ಹೇಳಿದರು. ಪಾನ್‌ಸೊಕ್ ಸಮಾಧಾನ ಹೇಳಲು ಬಂದವರು, "ಬಿಡು ಅಂದಿದ್ದು ನಾನು, ನನ್ನ ತಪ್ಪಲ್ಲಿ ಪಾಲು ಕೇಳಬೇಡ," ಎಂದು ಗದರಿ ಹೋದರು.

ಮರುದಿನ ಬೆಳಿಗ್ಗೆ ಅಜ್ಜಿ ವಾರ್ಡ್ ಕಚೇರಿಯ ಬಾಗಿಲು ತೆರೆಯುವ ಮೊದಲೇ ಅಲ್ಲಿದ್ದಾರೆ. ಕಂಕುಳಲ್ಲಿ ಬಟ್ಟೆಯಲ್ಲಿ ಕಟ್ಟಿದ ಒಂದು ಹಲಗೆ. ಕೌಂಟರಿನ ಹುಡುಗಿ ಟೋಕನ್ ತೆಗೆದುಕೊಳ್ಳಿ ಎನ್ನುತ್ತಾಳೆ, ತೆಗೆದುಕೊಳ್ಳುತ್ತಾರೆ. ಕೂತುಕೊಳ್ಳಿ ಎನ್ನುತ್ತಾಳೆ, ಕೂರುತ್ತಾರೆ. ನಂಬರ್ ಬಂದಾಗ ಗಂಟು ಬಿಚ್ಚಿ ಆ ನಾಲ್ಕು ಪದರದ ಕಪ್ಪು ಹಲಗೆಯನ್ನು ಕೌಂಟರ್ ಮೇಲೆ ಇಡುತ್ತಾರೆ. ಸಾಲಿನಲ್ಲಿದ್ದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

"ಅಜ್ಜಿ, ಇದನ್ನೆಲ್ಲ ಇಲ್ಲಿ ಇಡೋ ಹಾಗಿಲ್ಲ."

"ಯಾಕಮ್ಮ?"

"ವಾಸ್ನೆ... ಆರೋಗ್ಯಕ್ಕೆ ಒಳ್ಳೇದಲ್ಲ."

"ನಂಗ್ ವಾಸ್ನೆ ಗೊತ್ತಾಗಲ್ಲ ಮಗಳೇ. ನಿಂಗ್ ಗೊತ್ತಾಗ್ತಿದೆಯಲ್ಲ, ಅದನ್ನೇ ಬರ್ಕೋ. ಒಂದ್ ನಿಮಿಷ ಇಡೋಕಾಗದ್ದನ್ನ ಒಬ್ಬರು ಆರ್ ವರ್ಷ ತಲೆದಿಂಬಿನ್ ಪಕ್ಕ ಇಟ್ಕೊಂಡಿದ್ರು. ಆ ಆರೂ ವರ್ಷ ಇಪ್ಪತ್ತನೇ ತಾರೀಖಿಗೆ ಈ ಗೋಡೆಗೆ ದುಡ್ಡು ಕೊಟ್ಟೋರು ನೀವೇ. ಮುಚ್ಚಿದ್ದಾಗ ಕೊಟ್ರಿ. ತೆರೆದ್ಮೇಲೆ ನಿಲ್ಸಿದ್ರಿ. ಹಾಗಾದ್ರೆ ನಾನ್ ಹೋಗಿ ಮತ್ತೆ ಮುಚ್ಚಲಾ?"

ಹುಡುಗಿ ಹಲಗೆಯನ್ನು ನೋಡುತ್ತಾಳೆ, ತಡೆಪತ್ರವನ್ನು ನೋಡುತ್ತಾಳೆ. ನಿಯಮದ ಪುಸ್ತಕ ತೆಗೆದು ತುಂಬ ಹೊತ್ತು ಓದುತ್ತಾಳೆ. ಆಮೇಲೆ ಒಳಗೆ ಹೋಗಿ ಆಕ್ಷೇಪಣೆಯ ನಮೂನೆ ತಂದು, ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೆಯೇ ತನ್ನ ಕೈಯಿಂದಲೇ ಬರೆಯುತ್ತಾಳೆ. ಆ ನಮೂನೆಯ ಕೊನೆಯಲ್ಲಿ ಅರ್ಜಿದಾರನ ಮುದ್ರೆ ಬೇಕು. ಅಜ್ಜಿ ಸೊಂಟದ ಚೀಲದಿಂದ ಪಾನ್‌ಸೊಕ್‌ರ ಮರದ ಮುದ್ರೆ ತೆಗೆಯುತ್ತಾರೆ. ಮುದ್ರೆ ಕೊಡುವುದೆಂದರೆ ಈ ನಾಡಿನಲ್ಲಿ ಕುತ್ತಿಗೆ ಕೊಟ್ಟ ಹಾಗೆ, ಒಡಹುಟ್ಟಿದವರಿಗೂ ಯಾರೂ ಕೊಡುವುದಿಲ್ಲ. ಪಾನ್‌ಸೊಕ್ ಕೊಟ್ಟು ಕಳಿಸಿದ್ದಾರೆ.

ಮೂರು ವಾರ ಕಾಯಬೇಕಾಯಿತು. ಆ ತಿಂಗಳ ಬಾಡಿಗೆ ಹೊಂದಿಸಲು ಪಾನ್‌ಸೊಕ್ ಶ್ವಾಸದ ಔಷಧಿಯನ್ನು ಅರ್ಧಕ್ಕೆ ಇಳಿಸಿದರು. ಯಾರಿಗೂ ಹೇಳಲಿಲ್ಲ, ಖಾಲಿಯಾಗದ ಮಾತ್ರೆಗಳನ್ನು ನೋಡಿ ಅಜ್ಜಿಯೇ ಕಂಡುಹಿಡಿದರು. ಏಪ್ರಿಲ್ ಎರಡನೇ ವಾರ ಹೊಸ ಆದೇಶ ಬಂತು. ಪಾನ್‌ಸೊಕ್‌ಗೆ ಹಳೆಯ ದರದಲ್ಲೇ ನೆರವು ಮುಂದುವರಿಯುತ್ತದೆ, ತಡೆದದ್ದೂ ಸೇರಿ ಸಿಗುತ್ತದೆ. ಮಾಲೀಕರು ಎರಡು ತಿಂಗಳಲ್ಲಿ ಗೋಡೆ ಸರಿಪಡಿಸಬೇಕು, ಅಲ್ಲಿಯವರೆಗೆ ಏರಿಸಿದ ಬಾಡಿಗೆಗೆ ಮಾನ್ಯತೆಯಿಲ್ಲ. ಉಳಿದ ಐದು ಕೋಣೆಗಳನ್ನು ಮತ್ತೊಮ್ಮೆ ನೋಡಲಾಗುವುದು, ಈ ಸಲ ಕಾಗದ ಕಿತ್ತು.

ಹನ್ನೆರಡು ಸಾವಿರ ಕೈತಪ್ಪುತ್ತದೆ ಎಂದಕೂಡಲೇ ಆರು ವರ್ಷ ಸಿಗದ ಕೊಳಾಯಿ ಕೆಲಸದವನು ನಾಲ್ಕೇ ದಿನದಲ್ಲಿ ಸಿಕ್ಕಿದ. ಗೋಡೆ ಒಣಗಿತು. ಯೊಮ್ ಕರೆತಂದ ಕಾಗದದವರನ್ನು ಪಾನ್‌ಸೊಕ್ ಬಾಗಿಲಲ್ಲೇ ತಡೆದರು. "ಅಂಟಮ್ಮ ಕೈ ಇಟ್ಟು ಒಣಗಿದೆ ಅನ್ನೋವರ್ಗೂ ಇದು ಬರೀ ಗೋಡೆನೇ," ಎಂದರು. ಅಜ್ಜಿ ಹೋಗಿ, ಕೈ ಇಟ್ಟು ನೋಡಿ, ಅಂಟಿಸಿ ಬಂದರು. ಅವತ್ತು ಪೇಟೆಯಲ್ಲಿ ಪಾನ್‌ಸೊಕ್ ಎರಡು ಬಟ್ಟಲು ಸಾರನ್ನ ಹೇಳಿದರು. ಅಜ್ಜಿಯ ಬಟ್ಟಲಿಗೆ ತನ್ನ ಮಾಂಸದ ಹೋಳುಗಳನ್ನೂ ದಾಟಿಸಿದರಂತೆ.

ಕಥೆ ಇಲ್ಲಿಗೆ ನಿಂತಿದ್ದರೆ ನಾನೂ ಹೊಟ್ಟೆ ತುಂಬ ಉಂಡು ಮಲಗುತ್ತಿದ್ದೆ. ಮೇ ತಿಂಗಳ ಕೊನೆಗೆ ಸುನ್‌ಡೊಕ್ ಅಜ್ಜಿಯ ಕೋಣೆಯ ಕರಾರು ಮುಗಿಯುತ್ತದೆ. ಒಂದು ಸಲ ಮುಂದುವರಿಸಿಕೊಳ್ಳುವ ಹಕ್ಕನ್ನು ಎರಡು ವರ್ಷದ ಹಿಂದೆಯೇ ಬಳಸಿಯಾಗಿದೆ. ಈ ಸಲ ಮುಂದುವರಿಸುವುದಿಲ್ಲ ಎಂದು ಯೊಮ್ ಚೀಟಿ ಕಳಿಸಿದ್ದಾನೆ. ಕಾರಣ ಬರೆದಿಲ್ಲ. ಕಾನೂನಿನ ಪ್ರಕಾರ ಬರೆಯಬೇಕಾಗಿಯೂ ಇಲ್ಲ. ನಲವತ್ತೊಂದು ಕೋಣೆಗಳ ಗೋಡೆ ಕಾಗದದ ಕೆಲಸವೂ ಅವರ ಕೈತಪ್ಪಿದೆ. ಎಪ್ಪತ್ತೊಂದರ ಒಂಟಿ ಹೆಂಗಸಿಗೆ ಕೋಣೆ ಕೊಡಲು ಈ ಊರಿನ ಮನೆಮಾಲೀಕರು ಎಷ್ಟು ಮೀನಮೇಷ ಎಣಿಸುತ್ತಾರೆಂದು ಕೇಳಬೇಡಿ. ಒಳಗೇ ಸತ್ತುಹೋದರೆ ಎಂದು ಎದುರಿಗೇ ಹೇಳಿದವರಿದ್ದಾರೆ. ಹನ್ನೊಂದು ಬಾಗಿಲು ತಟ್ಟಿ, ಹನ್ನೆರಡನೆಯದು ತೆರೆದಿದೆ. ಗುಡ್ಡದ ಆಚೆ ಬದಿ, ಇನ್ನೂ ಎಂಬತ್ತು ಮೆಟ್ಟಿಲು ಮೇಲೆ, ಉತ್ತರಕ್ಕೆ ಮುಖ. ಅಲ್ಲಿನ ಬಾಡಿಗೆಗೆ ಬರುವ ನೆರವು ಸಾಲುವುದಿಲ್ಲ.

ನಾನು ಹೋದಾಗ ಅಜ್ಜಿ ಸಾಮಾನು ಕಟ್ಟುತ್ತಿದ್ದಾರೆ. ದೆವ್ವಗಳು ಅಡ್ಡಾಡದ ಒಳ್ಳೆಯ ದಿನ ನೋಡಿ ಮನೆ ಬದಲಾಯಿಸುವುದು ನಮ್ಮ ಪದ್ಧತಿ, ಆ ದಿನಗಳಲ್ಲಿ ಗಾಡಿ ಬಾಡಿಗೆ ದುಪ್ಪಟ್ಟು. ಅಜ್ಜಿ ಬೇಕೆಂದೇ ದೆವ್ವದ ದಿನ ಆರಿಸಿದ್ದಾರೆ. "ಅಗ್ಗ. ನನ್ನ್ ಸಾಮಾನ್ ನೋಡಿದ್ರೆ ದೆವ್ವಾನೇ ಅಯ್ಯೋ ಪಾಪ ಅಂದು ಒಂದ್ ಕೈ ಹಾಕುತ್ತೆ," ಎನ್ನುತ್ತಾರೆ. ಕೋಪ ಬರುವುದಿಲ್ಲವೇ ಎಂದು ಕೇಳುತ್ತೇನೆ. "ಬರುತ್ತೆ. ಬಂದ್ ದಿನ ಹಿಟ್ಟು ಜಾಸ್ತಿ ಕಲಸ್ತೀನಿ."

ಆಗಲೇ ಯೊಮ್ ಬಾಗಿಲಲ್ಲಿ ನಿಂತಿದ್ದಾನೆ, ಕೈಯಲ್ಲಿ ಕರಾರುಪತ್ರ. ಠೇವಣಿ ಐದು ಲಕ್ಷ ವೊನ್ ವಾಪಸು ಬೇಕಾದರೆ ಬಾಡಿಗೆದಾರರು ಕೋಣೆಯನ್ನು ತಾವು ಬಂದಾಗ ಇದ್ದ ಸ್ಥಿತಿಗೇ ತಂದು ಒಪ್ಪಿಸಬೇಕು, ಇದು ಎಲ್ಲರ ಕರಾರಿನಲ್ಲೂ ಇರುವ ಮಾತು ಎನ್ನುತ್ತಾನೆ.

ಅಜ್ಜಿ ಗಂಟು ಕಟ್ಟುವುದನ್ನು ನಿಲ್ಲಿಸಿ ಕೋಣೆಯನ್ನು ಸುತ್ತ ನೋಡುತ್ತಾರೆ. ನಾಲ್ಕು ವರ್ಷದ ಹಿಂದೆ ಸ್ವಂತ ಖರ್ಚಿನಲ್ಲಿ ಅವರೇ ಕಿತ್ತು, ಕೆರೆದು, ಒಣಗಿಸಿ, ಕಾಗದ ಹಾಕಿದ ಗೋಡೆಗಳು. ಒಂದು ಮೂಲೆಯಲ್ಲೂ ಕಲೆಯಿಲ್ಲ. ಬೆರಳುಗಳ ಹಿಂಬದಿಯನ್ನು ಗೋಡೆಗೆ ಒತ್ತಿ ಅವರು ಯೊಮ್‌ನನ್ನು ಕೇಳುತ್ತಾರೆ:

"ಆಗ್ಲಪ್ಪ, ಬಂದಾಗ ಹ್ಯಾಗಿತ್ತೋ ಹಾಗೇ ಕೊಡ್ತೀನಿ. ಆದ್ರೆ ಅಷ್ಟೊಂದ್ ಬೂಷ್ಟು ನಾನ್ ಎಲ್ಲಿಂದ ತರ್ಲಿ?"